ಹೊತ್ತು ಇರುವಾಗಲೇ ಮನೆಗೆ

ನಮ್ಮ ಸೀಮೆಯ ಮಾತಿನಲ್ಲಿ ಸೂರ್ಯನಿಗೂ ಸಮಯಕ್ಕೂ ಒಂದೇ ಹೆಸರು. ಹೊತ್ತು ಹುಟ್ಟುತ್ತದೆ, ನೆತ್ತಿಗೆ ಬರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಮಲಗಿದವನನ್ನು ಎಬ್ಬಿಸುವಾಗ 'ಹೊತ್ತಾಯ್ತು ಏಳೋ' ಎನ್ನುತ್ತೇವೆ; ಕೆಲಸವಿಲ್ಲದವನು 'ಹೊತ್ತೇ ಹೋಗ್ತಿಲ್ಲ' ಎನ್ನುತ್ತಾನೆ. ಸಂಜೆಗಂತೂ ಹೆಸರುಗಳ ಸಾಲೇ ಇದೆ: ಇಳಿಹೊತ್ತು, ಬೈಗು, ಗೋಧೂಳಿ, ಮುಚ್ಚಂಜೆ, ದೀಪ ಹಚ್ಚೋ ಹೊತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳ್ಳಿಗಳಿಂದ ಬೆಂಗಳೂರಿಗೆ ಹೊರಡುವ ಮಕ್ಕಳಿಗೆ ಮನೆಯವರು ಇವತ್ತಿಗೂ ಹೇಳುವ ಮಾತು ಒಂದೇ: 'ಹೊತ್ತಿದ್ದಂಗೇ ಮನೆ ಸೇರ್ಕೊ.' ಕೆಲಸ ಮುಗಿದ ಮೇಲೂ ಒಂದಿಷ್ಟು ಬೆಳಕು ಉಳಿದಿರಲಿ ಎಂಬ ಈ ಸಣ್ಣ ಆಸೆಗೆ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ಸೂರ್ಯನ ಪಾತ್ರ ನಾವು ಅಂದುಕೊಂಡಿರುವುದಕ್ಕಿಂತ ಬಹಳ ಚಿಕ್ಕದು. ಅದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ಸೂರ್ಯನ ಲೆಕ್ಕವನ್ನೇ ನೋಡೋಣ. ರಾಮನಗರ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹೆಚ್ಚುಕಡಿಮೆ 12.7 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 12 ಗಂಟೆ 53 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 22 ನಿಮಿಷ. ಪಂಚಾಂಗದ ಭಾಷೆಯಲ್ಲಿ ಹೇಳುವುದಾದರೆ, 24 ನಿಮಿಷಕ್ಕೆ ಒಂದು ಗಳಿಗೆಯಂತೆ, ನಮ್ಮ ದಿನಮಾನ 28 ಗಳಿಗೆ ಚಿಲ್ಲರೆಯಿಂದ 32 ಗಳಿಗೆ ಚಿಲ್ಲರೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಷ್ಟೇ. ಲಂಡನ್ನಿನಲ್ಲಿ ಇದೇ ವ್ಯತ್ಯಾಸ ಎಂಟೂವರೆ ಗಂಟೆಗೂ ಮಿಗಿಲು. ಅಲ್ಲಿಯ ಕವಿಗಳೂ ಕಾರಕೂನರೂ ಬೇಸಿಗೆಯ ಸಂಜೆಗಾಗಿ ಹಾತೊರೆದದ್ದು ಆಶ್ಚರ್ಯವಲ್ಲ.

ನಮ್ಮಲ್ಲಿ ಸೂರ್ಯಾಸ್ತವೊಂದನ್ನೇ ತೆಗೆದುಕೊಂಡರೆ ವ್ಯತ್ಯಾಸ ಇನ್ನೂ ಕಡಿಮೆ. ನವೆಂಬರಿನ ನಡುವಿನಲ್ಲಿ ಹೊತ್ತು ಮುಳುಗುವುದು ಸಂಜೆ 5.50ರ ಆಸುಪಾಸು. ಜುಲೈ ಮೊದಲ ವಾರದಲ್ಲಿ 6.50ರ ಆಸುಪಾಸು. ಹಗಲು ಅತಿ ದೀರ್ಘವಾಗುವುದು ಜೂನ್ 21ರಂದಾದರೂ ಸೂರ್ಯಾಸ್ತ ಅತಿ ತಡವಾಗುವುದು ಅದಾದ ಎರಡು ವಾರಕ್ಕೆ. ಸೂರ್ಯನ ನಡುಹಗಲು ಗಡಿಯಾರದ ಲೆಕ್ಕದಲ್ಲಿ ಆ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತಿರುವುದು ಅದಕ್ಕೆ ಕಾರಣ. ಅಂದರೆ ವರ್ಷದ ಅತಿ ಗಿಡ್ಡ ಸಂಜೆಗೂ ಅತಿ ಉದ್ದದ ಸಂಜೆಗೂ ಇರುವ ಅಂತರ ಒಂದು ಗಂಟೆ. ಆ ಉದ್ದದ ಸಂಜೆಗಳೂ ಮುಂಗಾರಿನ ಮೋಡದ ಕೆಳಗೆ ಕಳೆದುಹೋಗುವುದೇ ಹೆಚ್ಚು. ಸಂಜೆಯ ಬೆಳಕಿಗೆ ರಾಮದೇವರ ಬೆಟ್ಟದ, ಸಾವನದುರ್ಗದ ಬಂಡೆಗಳು ಕೆಂಪಾಗುವುದನ್ನು ನೋಡಬೇಕಿದ್ದರೆ ಮಾರ್ಚ್, ಏಪ್ರಿಲ್ಲೇ ವಾಸಿ.

ಆ ಒಂದು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಅದು ಮತ್ತೆ ಬರುತ್ತದೆ.

ಕೆಲಸದ ನಂತರದ ಬೆಳಕಿಗಾಗಿ ಗಡಿಯಾರವನ್ನೇ ತಿರುಗಿಸಬೇಕು ಎಂಬ ಯೋಚನೆಯನ್ನು ಗಂಭೀರವಾಗಿ ಮುಂದಿಟ್ಟವರಲ್ಲಿ ಮೊದಲಿಗ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ವೆಲ್ಲಿಂಗ್ಟನ್ನಿನ ಅಂಚೆ ಇಲಾಖೆಯಲ್ಲಿ ನೌಕರಿ, ಮನಸ್ಸೆಲ್ಲ ಕೀಟಶಾಸ್ತ್ರದಲ್ಲಿ. ಕಚೇರಿ ಮುಗಿದ ಮೇಲೆ ಹುಳುಹುಪ್ಪಟೆ ಹಿಡಿಯಲು ಬೆಳಕು ಸಾಲದು ಎಂಬುದು ಅವನ ಕೊರಗು. 1895ರಲ್ಲಿ ಅಲ್ಲಿಯ ವಿದ್ವತ್ ಸಭೆಯೊಂದರ ಮುಂದೆ, ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಕ್ಕೆ ತಿರುಗಿಸಬೇಕು ಎಂದು ಪ್ರಬಂಧ ಓದಿದ. 1907ರಲ್ಲಿ ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್, ಹಡ್ಸನ್ನನ ಸಂಗತಿ ತಿಳಿಯದೆಯೇ, ಇದೇ ವಾದವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಇಬ್ಬರ ಮಾತೂ ಆಗ ನಡೆಯಲಿಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲು ಮೊದಲು ಜರ್ಮನಿ, ಕೆಲವೇ ವಾರಗಳಲ್ಲಿ ಬ್ರಿಟನ್ ಗಡಿಯಾರ ತಿರುಗಿಸಿದವು. ವಿಹಾರಕ್ಕಾಗಿ ಬೇಡಿದ್ದ ಸಂಜೆ ಯುದ್ಧಕ್ಕಾಗಿ ಸಿಕ್ಕಿತು.

ಹಡ್ಸನ್ನನ ಕತೆ ಓದುವಾಗಲೆಲ್ಲ ನನಗೆ ನಮ್ಮ ಸೀಮೆಯ ಹುಳು ನೆನಪಾಗುತ್ತದೆ. ಅವನಿಗೆ ಹುಳುಗಳಿಗಾಗಿ ಸಂಜೆ ಬೇಕಿತ್ತು. ನಮ್ಮಲ್ಲಿ ಹುಳುವೇ ಸಂಜೆಯನ್ನು ತಿಂದುಹಾಕಿತು.

ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆ ಬೇರೂರಿದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ. ಆಮೇಲೆ ಅದು ಈ ನಾಲ್ಕು ತಾಲ್ಲೂಕುಗಳ ಬದುಕೇ ಆಯಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಪಡೆಯಿತು. ಹುಳು ಸಾಕಿದ ಮನೆಯವರಿಗೆ ಅದರ ಲೆಕ್ಕಾಚಾರ ಗೊತ್ತು. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಹೊತ್ತಿಗೆ ಮೂರೂವರೆ, ನಾಲ್ಕು ವಾರ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮವರು 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಇಡೀ ಬಾಳಿನಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಅದು ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಆ ವಾರ ಹುಳ ಸಾಕುವ ಮನೆಯೊಳಗೆ ಸಣ್ಣ ಮಳೆ ಹಿಡಿದ ಹಾಗೆ ಸದ್ದು. ಇಳಿಹೊತ್ತಿಗೆ ಸೊಪ್ಪು ಕೊಯ್ದು ತರಬೇಕು. ಬಾಡದಂತೆ ಒದ್ದೆ ಗೋಣಿ ಹೊದಿಸಬೇಕು. ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ಹಾಕಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನವಂತೂ ಹೊತ್ತು ಹುಟ್ಟಿತೋ ಮುಳುಗಿತೋ ಯಾರೂ ನೋಡುವುದಿಲ್ಲ.

ಹೀಗಿರುವಾಗ 'ಕೆಲಸ ಮುಗಿದ ಮೇಲೆ' ಎಂಬ ಮಾತಿಗೇ ಅರ್ಥ ಕಡಿಮೆ. ರಾಮನಗರ, ಚನ್ನಪಟ್ಟಣಗಳ ನಡುವೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಲ್ಲಿಯ ಲೋಕಮಹಲ್‌ನಲ್ಲಿ ದುಡಿಮೆಯ ಸಲಕರಣೆಗಳೂ ಬೊಂಬೆ, ವಾದ್ಯ, ವೇಷಗಳೂ ಒಂದೇ ಸೂರಿನಡಿ ಇವೆ. ಹಳ್ಳಿಯಲ್ಲೂ ಅವು ಹಾಗೆಯೇ ಇದ್ದವು. ಹಾಡು ಇದ್ದದ್ದು ಕೆಲಸದ ನಂತರವಲ್ಲ, ಕೆಲಸದೊಳಗೆ: ರಾಗಿ ಬೀಸುವಾಗ, ನಾಟಿ ಹಾಕುವಾಗ, ಕಣದಲ್ಲಿ. ಸುಗ್ಗಿಯ ಕಾಲದಲ್ಲಿ ಸಂಜೆ ಗಿಡ್ಡ, ಕೆಲಸ ಉದ್ದ; ಬೆಳದಿಂಗಳಿದ್ದರೆ ರಾತ್ರಿಯೂ ಕಣದ ಕೆಲಸ. ಸುಗ್ಗಿ ಕಳೆದು ಮುಂದಿನ ಮಳೆಯವರೆಗೆ ಹೊಲ ಖಾಲಿ, ಹೊತ್ತು ನಿಧಾನ. ಸಂಕ್ರಾಂತಿಯ ಹೊತ್ತಿಗೆ ಕೆಂಗಲ್ಲಿನ ದನಗಳ ಜಾತ್ರೆ, ಬೇಸಿಗೆಗೆ ಮಾಗಡಿ ರಂಗನಾಥನ ತೇರು, ಆಮೇಲೆ ಮದುವೆಗಳು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಊರವರೇ ಕಲಿತು ಆಡುವ ಪೌರಾಣಿಕ ನಾಟಕಗಳು. ಬಿಡುವು ದಿನದ ಕೊನೆಯಲ್ಲಿ ಬರುತ್ತಿರಲಿಲ್ಲ, ವರ್ಷದ ಒಂದು ಮೂಲೆಯಲ್ಲಿ ಒಟ್ಟಿಗೆ ಬರುತ್ತಿತ್ತು. ಇದನ್ನು ಸುವರ್ಣಯುಗ ಎಂದು ನಾನು ಹೇಳುತ್ತಿಲ್ಲ. ಆ ಬಿಡುವಿನ ಜೊತೆಗೇ ಸಾಲ, ಬರ, ಗುಳೆಗಳೂ ಇದ್ದವು. ಆದರೆ ದಿನವನ್ನು 'ಕೆಲಸ' ಮತ್ತು 'ನಂತರ' ಎಂದು ಎರಡು ಹೋಳು ಮಾಡುವ ರೂಢಿ ಈ ನೆಲದಲ್ಲಿ ಹುಟ್ಟಿದ್ದಲ್ಲ. ಅದು ರೈಲಿನ ಜೊತೆ ಬಂದಿತು.

1876–78ರ ದೊಡ್ಡ ಬರದಲ್ಲಿ ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸ ನಡೆಯಿತು. 1880ರ ದಶಕದ ಆರಂಭಕ್ಕೆ ಆಗಿನ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರ, ಮತ್ತು ಚನ್ನಪಟ್ಟಣಕ್ಕೆ ರೈಲು ಬಂತು. ರೈಲಿನ ಜೊತೆಗೆ ಮದರಾಸಿನ ಸಮಯವೂ ಬಂತು. ಮದರಾಸು ವೀಕ್ಷಣಾಲಯದ ಗಡಿಯಾರವೇ ಆಗ ದೇಶದ ರೈಲುಗಳ ಗಡಿಯಾರ. 1906ರಲ್ಲಿ ಅದರ ಜಾಗಕ್ಕೆ ಭಾರತೀಯ ಪ್ರಮಾಣ ಸಮಯ ಬಂದಾಗ ಗಡಿಯಾರ ಮತ್ತೆ ಒಂಬತ್ತು ನಿಮಿಷ ಮುಂದಕ್ಕೆ ಹೋಯಿತು. ಇದು ಎಲ್ಲೆಡೆ ಸಲೀಸಾಗಿ ನಡೆಯಲಿಲ್ಲ. ಕಲ್ಕತ್ತ ತನ್ನ ಹಳೆಯ ಸಮಯವನ್ನು 1948ರವರೆಗೂ, ಬೊಂಬಾಯಿ 1955ರವರೆಗೂ ಬಿಡಲಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ಇಂದಿಗೂ ಒಂದು ಗಂಟೆ ಮುಂದಿರುವ 'ಬಾಗಾನ್ ಸಮಯ' ಉಳಿದಿದೆ. ಅಲ್ಲಿ ಚಳಿಗಾಲದ ಸೂರ್ಯ ನಾಲ್ಕೂವರೆಗೇ ಮುಳುಗುವುದರಿಂದ ತೋಟದವರು ತಮ್ಮದೇ ಗಡಿಯಾರ ಇಟ್ಟುಕೊಂಡರು.

ಈ ಬದಲಾವಣೆಯಲ್ಲಿ ನಮ್ಮ ಸೀಮೆಗೆ ಒಂದು ಸಣ್ಣ ಲಾಭವಾಯಿತು. ಪ್ರಮಾಣ ಸಮಯದ ರೇಖೆ ಇರುವುದು 82.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ರಾಮನಗರ ಇರುವುದು 77.3ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಇಲ್ಲಿಯ ಗಡಿಯಾರ ಇಲ್ಲಿಯ ಸೂರ್ಯನಿಗಿಂತ ಸುಮಾರು 21 ನಿಮಿಷ ಮುಂದಿದೆ. ಸರಾಸರಿ ಲೆಕ್ಕದಲ್ಲಿ ನಮ್ಮ ನಿಜವಾದ ನಡುಹಗಲು 12.21ಕ್ಕೆ. ಗಡಿಯಾರ ನೋಡಿ ಕೆಲಸ ಬಿಡುವವನಿಗೆ ಇದರಿಂದ ಸಂಜೆ 21 ನಿಮಿಷ ಹೆಚ್ಚು ಸಿಗುತ್ತದೆ. ಯಾರೂ ಕೇಳದೆ, ಯಾರೂ ಗಮನಿಸದೆ ಸಿಕ್ಕ ಬೆಳಕು ಇದು.

ಕೇಳದೆ ಸಿಕ್ಕ ಇನ್ನೊಂದು ಬೆಳಕು ಎರಡನೇ ಮಹಾಯುದ್ಧದ್ದು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಪ್ರಮಾಣ ಸಮಯವನ್ನು ಒಂದು ಗಂಟೆ ಮುಂದೆ ಮಾಡಲಾಗಿತ್ತು. ಆ ಮೂರು ವರ್ಷಗಳ ಜುಲೈನಲ್ಲಿ ರೈಲು ನಿಲ್ದಾಣದ ಗಡಿಯಾರದ ಪ್ರಕಾರ ಕ್ಲೋಸ್‌ಪೇಟೆಯ ಸೂರ್ಯ ಮುಳುಗಿದ್ದು ಏಳೂಮುಕ್ಕಾಲರ ಮೇಲೆ. ನಮ್ಮ ಇತಿಹಾಸದಲ್ಲಿ ಗಡಿಯಾರ ಕಂಡ ಅತಿ ಉದ್ದದ ಸಂಜೆಗಳು ಅವು. ಆದರೆ ಅವು ಆಹಾರಧಾನ್ಯದ ಅಭಾವದ, ಬೆಲೆ ಏರಿಕೆಯ, ಕ್ವಿಟ್ ಇಂಡಿಯಾ ಬಂಧನಗಳ ಸಂಜೆಗಳೂ ಹೌದು. ಪ್ಯಾರಾಚೂಟ್‌ಗಳಿಗೆ ರೇಷ್ಮೆ ಬೇಕಾಗಿ ಮೈಸೂರು ಸೀಮೆಯ ನೂಲಿಗೆ ಬೇಡಿಕೆ ಏರಿದ ಕಾಲ. ಗಡಿಯಾರ ಮುಂದೆ ಹೋಯಿತು. ಹುಳು ಮಾತ್ರ ತನ್ನ ಹೊತ್ತಿಗೇ ಸೊಪ್ಪು ಕೇಳಿತು. ಬೆಳಕು ಉದ್ದವಾದ ಮಾತ್ರಕ್ಕೆ ಬಿಡುವು ಉದ್ದವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ವಿದ್ಯುತ್ತಿನ ಬೆಳಕಿನ ಕತೆಯೂ ಹೀಗೆಯೇ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 140 ಕಿಲೋಮೀಟರಿಗೂ ಉದ್ದದ ಆ ತಂತಿ ಕನಕಪುರದ ಕಡೆಯಿಂದ ಹಾದುಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪಗಳು ಹೊತ್ತಿಕೊಂಡವು. ಕಾವೇರಿಯ ಬೆಳಕು ಪೂರ್ವಕ್ಕೆ ಗಣಿಯ ಪಾಳಿಗಳಿಗೂ ಉತ್ತರಕ್ಕೆ ಪಟ್ಟಣದ ಬೀದಿಗಳಿಗೂ ಹೋಯಿತು. ನಡುವಿನ ಹಳ್ಳಿಗಳ ಮನೆಮನೆಗೆ ಅದು ಬರಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಸಂಜೆಯ ಉದ್ದವನ್ನು ನಿರ್ಧರಿಸಿದ್ದು ಹರಳೆಣ್ಣೆ, ಹೊಂಗೆಣ್ಣೆಯ ಹಣತೆ, ಆಮೇಲೆ ಸೀಮೆಎಣ್ಣೆ ಬುಡ್ಡಿ. ಎಣ್ಣೆ ದುಬಾರಿ; ಊಟ ಮುಗಿದರೆ ದೀಪ ಆರಿಸುವುದೇ ಸಂಸಾರಸ್ಥರ ಲಕ್ಷಣ. ಬಲ್ಬು ಬಂದ ಮೇಲೆ ರಾತ್ರಿ ಓದುವ ಮಕ್ಕಳಿಗೆ ಅನುಕೂಲವಾಯಿತು, ನಿಜ. ಅದೇ ಬಲ್ಬಿನ ಕೆಳಗೆ ನೂಲು ಬಿಚ್ಚುವ ಘಟಕಗಳೂ ಹೊತ್ತು ಮುಳುಗಿದ ಮೇಲೆ ನಡೆಯತೊಡಗಿದವು. ಕತ್ತಲು ಮೊದಲು ಕೆಲಸಕ್ಕೆ ಒಂದು ಗಡಿ ಹಾಕಿತ್ತು. ಆ ಗಡಿ ಅಳಿಸಿಹೋಯಿತು.

ಹಾಗಾದರೆ ಗಡಿಯನ್ನು ಮತ್ತೆ ಹಾಕಿದವರು ಯಾರು? ಕಾನೂನು, ಮತ್ತು ಕಾನೂನಿನ ಹಿಂದಿದ್ದ ಕಾರ್ಮಿಕರ ಹೋರಾಟ. ಬ್ರಿಟಿಷ್ ಇಂಡಿಯಾದ 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳ ಗಂಡಾಳಿನ ದಿನವನ್ನು 12 ಗಂಟೆಗೆ ಮಿತಿಗೊಳಿಸಿತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ದಿನಕ್ಕೆ 8, ವಾರಕ್ಕೆ 48 ಗಂಟೆಯ ನಿಯಮ ಒಪ್ಪಿತು. ಆದರೆ ಇಂಡಿಯಾಕ್ಕೆ ವಾರಕ್ಕೆ 60 ಗಂಟೆಯ ವಿನಾಯಿತಿ ಇಟ್ಟಿತು. 1922ರಲ್ಲಿ ನಮ್ಮಲ್ಲಿ ದಿನಕ್ಕೆ 11, ವಾರಕ್ಕೆ 60 ಗಂಟೆ; 1934ರಲ್ಲಿ 10 ಮತ್ತು 54; ಸ್ವತಂತ್ರ ಭಾರತದ 1948ರ ಕಾಯ್ದೆಯಲ್ಲಿ 9 ಮತ್ತು 48. ಈ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಮೂವತ್ತೇಳು ವರ್ಷಗಳಲ್ಲಿ ದುಡಿಯುವವರಿಗೆ ದಿನಕ್ಕೆ ಮೂರು ಗಂಟೆ ಮರಳಿ ಸಿಕ್ಕಿತು ಎಂದಾಗುತ್ತದೆ. ನವೆಂಬರಿನಿಂದ ಜುಲೈವರೆಗೆ ಕಾದರೆ ಸೂರ್ಯ ಕೊಡುವುದು ಒಂದು ಗಂಟೆ. ಕಾಯ್ದೆ ಕೊಟ್ಟದ್ದು ಅದರ ಮೂರರಷ್ಟು, ಅದೂ ವರ್ಷವಿಡೀ.

ಆದರೆ ಈ ಕಾಯ್ದೆ ಎಲ್ಲರ ಬಾಗಿಲಿಗೂ ಬರಲಿಲ್ಲ. 1948ರ ಕಾಯ್ದೆಯ ಲೆಕ್ಕದಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ಇದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಮನೆಯ ಹಿಂದಿನ ನೂಲು ಘಟಕ, ಬೀದಿ ಬದಿಯ ಗೊಂಬೆ ಅಂಗಡಿಗಳಲ್ಲಿ ಬಹುಪಾಲು ಅದರ ಲೆಕ್ಕದ ಹೊರಗೇ ಉಳಿದವು.

ಇಲ್ಲಿ ಚನ್ನಪಟ್ಟಣದ ಬಗ್ಗೆ ಒಂದು ಮಾತು ಹೇಳಬೇಕು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈ ಊರಿನಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನು, ಅದು ದೂರದ ಸೀಮೆಗಳಿಗೂ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಆಮೇಲೆ ಊರು ಹೆಸರು ಮಾಡಿದ್ದು ಆಲೆಮರದ ಗೊಂಬೆಗಳಿಂದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಶಾಖಕ್ಕೆ ಬಣ್ಣ ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಕಸುಬು ಅದು. ತಂತಿಯೇ ಆಗಲಿ ಗೊಂಬೆಯೇ ಆಗಲಿ, ಎರಡೂ ಬಿಡುವಿನ ವಸ್ತುಗಳು. ಕೆಲಸ ಮುಗಿಸಿ ಕೂತವನ ಕೈಗೆ ವೀಣೆ, ಆಡಲು ಹೊತ್ತಿರುವ ಮಗುವಿನ ಕೈಗೆ ಬುಗುರಿ. ಎರಡು ಶತಮಾನ ಈ ಊರು ಬೇರೆಯವರ ಸಂಜೆಗಳಿಗೆ ಬೇಕಾದುದನ್ನು ಮಾಡಿ ಕಳಿಸಿತು.

ಅದೇ ಸೀಮೆಯ ಮಕ್ಕಳ ಸಂಜೆ ಹೇಗಿತ್ತು? ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ 2003ರಲ್ಲಿ ಒಂದು ವರದಿ ಪ್ರಕಟಿಸಿತು. ಮನೆಯವರು ಪಡೆದ ಮುಂಗಡ ಸಾಲಕ್ಕೆ ಸಿಕ್ಕಿಬಿದ್ದ ಮಕ್ಕಳು ದಿನಕ್ಕೆ 12 ಗಂಟೆ, ಅದಕ್ಕೂ ಹೆಚ್ಚು ದುಡಿಯುತ್ತಿದ್ದುದನ್ನು, ಕುದಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತಿದ್ದುದನ್ನು ಅದು ದಾಖಲಿಸಿದೆ. ಕರ್ನಾಟಕದ ನೂಲು ಘಟಕಗಳೂ ಅದರಲ್ಲಿವೆ. ನನ್ನ ತಲೆಮಾರಿನವರು ಹುಟ್ಟಿ ಬೆಳೆಯುತ್ತಿದ್ದ ಕಾಲ ಅದು. ನಾವು ಶಾಲೆ ಬಿಟ್ಟು ಬಂದು ಬೀದಿಯಲ್ಲಿ ಲಗೋರಿ ಆಡುತ್ತಿದ್ದಾಗ, ಬೇರೆ ಮಕ್ಕಳಿಗೆ ಸಂಜೆ ಎಂಬುದು ಇನ್ನೂ ಒಂದು ಪಾಳಿಯಾಗಿತ್ತು. ಸಂಜೆಯ ಸೊಗಸಿನ ಇತಿಹಾಸ ಬರೆಯುವವರು ಆ ವರದಿಯನ್ನು ಪಕ್ಕಕ್ಕೆ ಸರಿಸಿ ಬರೆಯಬಾರದು.

ಈಗ ಇಂದಿನ ದಿನಕ್ಕೆ ಬರೋಣ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ರಾಜ್ಯ ಸಂಪುಟ ತೀರ್ಮಾನಿಸಿತು. ಹೆಸರಿನ ಬಗ್ಗೆ ವಾದಗಳಿವೆ. ಆದರೆ ಬೆಳಿಗ್ಗೆಯ ರೈಲು, ಬಸ್ಸುಗಳು ಆ ವಾದವನ್ನು ಎಂದೋ ಮುಗಿಸಿವೆ. ಜಿಲ್ಲೆಯ ದುಡಿಯುವ ವಯಸ್ಸಿನವರಲ್ಲಿ ದೊಡ್ಡ ಪಾಲು ಹೊತ್ತು ಹುಟ್ಟುವ ಮುನ್ನ ಬೆಂಗಳೂರಿನ ಕಡೆ ಮುಖ ಮಾಡುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಕಾರಿನವರಿಗೆ ಸಮಯ ಉಳಿಯಿತು. ಪಾಸು ಹಿಡಿದು ನಿಲ್ದಾಣದಲ್ಲಿ ನಿಲ್ಲುವವರ ಲೆಕ್ಕ ಬೇರೆ.

ಆ ಲೆಕ್ಕದಲ್ಲಿ ಮೊದಲು ಹೇಳಿದ ಒಂದು ಗಂಟೆ ಮತ್ತೆ ಬರುತ್ತದೆ. ಬಿಡದಿಯ ಕಾರ್ಖಾನೆಯಲ್ಲಿ ಸಂಜೆ 5ಕ್ಕೆ ಪಾಳಿ ಬಿಟ್ಟು ಹತ್ತಿರದಲ್ಲೇ ಮನೆಯಿರುವವನಿಗೆ ನವೆಂಬರಿನಲ್ಲಿ ಐವತ್ತು ನಿಮಿಷ, ಜುಲೈನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ಬೆಳಕು ಉಳಿಯುತ್ತದೆ. ಅವನ ಪಾಲಿಗೆ ಋತುಗಳು ಇನ್ನೂ ಇವೆ. ಬೆಂಗಳೂರಿನಲ್ಲಿ 6 ಗಂಟೆಗೆ ಕಚೇರಿ ಬಿಟ್ಟು, ನಿಲ್ದಾಣ ತಲುಪಿ, ರೈಲು ಹಿಡಿದು ರಾಮನಗರದಲ್ಲಿ ಇಳಿಯುವವನಿಗೆ ಏಳೂವರೆ. ಜುಲೈನಲ್ಲೂ ಕತ್ತಲು, ನವೆಂಬರಿನಲ್ಲೂ ಕತ್ತಲು. ಸೂರ್ಯ ವರ್ಷದಲ್ಲಿ ಹಿಗ್ಗಿಸಿ ಕೊಡುವ ಒಂದೇ ಒಂದು ಗಂಟೆ ಪ್ರಯಾಣಕ್ಕೆ ಹೋಗಿಬಿಡುತ್ತದೆ. ಮಾಗಡಿ, ಕನಕಪುರಗಳಿಗೆ ರೈಲೂ ಇಲ್ಲ. ಸಂಜೆಯ ಬಸ್ಸಿನ ಲೆಕ್ಕವನ್ನು ವಾಹನ ದಟ್ಟಣೆಯೇ ಬರೆಯುತ್ತದೆ. ಸಂಶೋಧನೆಯ ಕೆಲಸಕ್ಕೆ ಬೆಂಗಳೂರಿನ ಗ್ರಂಥಾಲಯಗಳಿಗೆ ಓಡಾಡುವ ನಾನೂ ಈ ಸಂಜೆ ರೈಲಿನ ಗಿರಾಕಿ. ಕೆಂಗೇರಿ ದಾಟುವಾಗ ಕಿಟಕಿಯಾಚೆ ಬೆಳಕು ಇದ್ದರೆ ಬೋಗಿಯಲ್ಲಿ ಮಾತು ಹೆಚ್ಚು, ಕತ್ತಲಾಗಿದ್ದರೆ ಎಲ್ಲರ ತಲೆಯೂ ಮೊಬೈಲಿನ ಮೇಲೆ ಬಾಗಿರುತ್ತದೆ. ಇದು ನನ್ನ ಕಣ್ಣಳತೆಯ ಮಾತು, ಅಧ್ಯಯನವಲ್ಲ.

ಹೆಂಗಸರಿಗೆ ಈ ಲೆಕ್ಕ ಇನ್ನೂ ಬಿಗಿ. ಗಾರ್ಮೆಂಟ್ಸ್‌ಗೆ ಹೋಗಿ ಬರುವ ಹೆಣ್ಣುಮಗಳಿಗೆ ಬೆಳಕು ಎಂದರೆ ಸೊಗಸಿಗಿಂತ ಮೊದಲು ಸುರಕ್ಷೆ; ಬಸ್ ನಿಲ್ದಾಣದಿಂದ ಮನೆಯವರೆಗಿನ ಆ ಅರ್ಧ ಮೈಲಿ. ಊರಲ್ಲೇ ಇರುವವಳಿಗೆ ಇಳಿಹೊತ್ತು ಎಂದರೆ ಹಸು ಕರೆದು ಡೇರಿಗೆ ಹಾಲು ಹಾಕುವ ಹೊತ್ತು, ಹುಳಕ್ಕೆ ಸೊಪ್ಪು ಹಾಕುವ ಹೊತ್ತು, ಒಲೆ ಹಚ್ಚುವ ಹೊತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅರಳಿಕಟ್ಟೆಯ ಮೇಲೆ, ಟೀ ಅಂಗಡಿಯ ಮುಂದೆ ಗಂಡಸರು ಮಾತ್ರ ಕಾಣುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಪರಿಹಾರವಾಗಿ ಗಡಿಯಾರ ತಿರುಗಿಸುವ ಮಾತು ನಮ್ಮಲ್ಲೂ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೇನ್‌ಗುಪ್ತ, ಪ್ರಮಾಣ ಸಮಯವನ್ನು ಶಾಶ್ವತವಾಗಿ ಅರ್ಧ ಗಂಟೆ ಮುಂದೆ ಮಾಡಿದರೆ ಸಂಜೆಯ ವಿದ್ಯುತ್ತಿನಲ್ಲಿ ದೇಶಕ್ಕೆ ವರ್ಷಕ್ಕೆ ಸುಮಾರು 270 ಕೋಟಿ ಯೂನಿಟ್ ಉಳಿಯುತ್ತದೆ ಎಂದು ಲೆಕ್ಕ ಕೊಟ್ಟರು. ಹಾಗೆ ಮಾಡಿದರೆ ರಾಮನಗರದಲ್ಲಿ ಹೊತ್ತು ಮುಳುಗುವುದು ನವೆಂಬರಿನಲ್ಲಿ 6.20ಕ್ಕೆ, ಜುಲೈನಲ್ಲಿ 7.20ಕ್ಕೆ. ಆಸೆ ಹುಟ್ಟಿಸುವ ಅಂಕಿಗಳೇ. ಆದರೆ ಜನವರಿಯಲ್ಲಿ ಹೊತ್ತು ಹುಟ್ಟುವುದೂ ಏಳೂಕಾಲಿಗೆ ಹೋಗುತ್ತದೆ. ಬೆಳಗಿನ ರೈಲಿಗೆ ಓಡುವವರು ಇನ್ನಷ್ಟು ಕತ್ತಲಲ್ಲಿ ಓಡಬೇಕಾಗುತ್ತದೆ. ಸಂಜೆಗೆ ಸೇರಿಸಿದ ಬೆಳಕನ್ನು ಬೆಳಗಿನಿಂದಲೇ ಕಡ ತರಬೇಕು.

ಇನ್ನೊಂದು ಕಡೆ ಕಾನೂನು ತಾನು ಹಾಕಿದ್ದ ಗಡಿಯನ್ನು ತಾನೇ ಸಡಿಲಿಸುತ್ತಿದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರದ ಮಿತಿ 48 ಗಂಟೆಯೇ. ಆದರೆ ದಿನದ ಕೆಲಸವನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ದೊರೆಯಿತು. ನಾಲ್ಕು ದಿನ ದುಡಿದರೆ ಮೂರು ದಿನ ರಜೆ ಸಿಗುತ್ತದೆ ಎಂಬುದು ಅದರ ಪರವಾದ ಮಾತು; ಕೆಲವರಿಗೆ ಅದು ಹಿತವೂ ಆದೀತು. ಆದರೆ ಅಂಕಿಯನ್ನು ಇತಿಹಾಸದ ಸಾಲಿನಲ್ಲಿಟ್ಟು ನೋಡಿ: 12, 11, 10, 9 ಎಂದು ಇಳಿದು ಬಂದದ್ದು ಮತ್ತೆ 12ಕ್ಕೆ ಏರುವ ಬಾಗಿಲು ತೆರೆದಿದೆ. 12 ಗಂಟೆ ದುಡಿಮೆ, ಮೇಲೆ ಎರಡು ಮೂರು ಗಂಟೆ ಪ್ರಯಾಣ ಎಂದರೆ 32 ಗಳಿಗೆಯ ಜೂನ್ ಹಗಲೂ ಸಾಲದು. ವಾರದ ಲೆಕ್ಕದಲ್ಲಿ ಗಂಟೆಗಳು ಸರಿಹೊಂದಿದರೂ ದಿನದ ಲೆಕ್ಕದಲ್ಲಿ ಸಂಜೆ ಇರುವುದಿಲ್ಲ. ಶಾಲೆ ಬಿಟ್ಟು ಬಂದ ಮಗುವಿಗೆ ಅಪ್ಪ ಅಮ್ಮ ಬೇಕಾಗುವುದು ವಾರದ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ.

ಸಂಜೆಯ ಬೆಳಕನ್ನು ಸವಿಯುವುದು ಮೇಲ್ನೋಟಕ್ಕೆ ಸಣ್ಣ ಸಂಗತಿ. ಕೆರೆ ಏರಿಯ ಮೇಲೆ ನಾಲ್ಕು ಹೆಜ್ಜೆ, ಶಾಲೆಯ ಬಯಲಿನಲ್ಲಿ ಒಂದು ಆಟ ಕಬಡ್ಡಿ, ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ಎರಡು ಮಾತು. ಆದರೆ ಊರು ಊರಾಗಿ ಉಳಿಯುವುದು ಈ ಹೊತ್ತಿನಲ್ಲೇ. ನಾಟಕ ಕಲಿಯಲು, ಗ್ರಂಥಾಲಯದಲ್ಲಿ ಪತ್ರಿಕೆ ತಿರುವಿ ಹಾಕಲು, ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ಜನಕ್ಕೆ ಬೇಕಾದದ್ದು ಹಣಕ್ಕಿಂತ ಮೊದಲು ಹೊತ್ತು. ರಾತ್ರಿ ಎಂಟಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೊರಡುವವರ ಊರು ಮಲಗುವ ಜಾಗವಾಗುತ್ತದೆ.

ಹುಳುವಿನ ಹಸಿವು, ರೈಲಿನ ವೇಳಾಪಟ್ಟಿ, ಯುದ್ಧದ ಗಡಿಯಾರ, ಗಣಿಗೆ ಹೊರಟ ವಿದ್ಯುತ್ ತಂತಿ, ಕಾರ್ಖಾನೆ ಕಾಯ್ದೆ, ಹೆದ್ದಾರಿ: ಈ ಸೀಮೆಯ ಸಂಜೆಯನ್ನು ಹಿಗ್ಗಿಸಿದ್ದೂ ಕುಗ್ಗಿಸಿದ್ದೂ ಇವೇ. ಇವುಗಳಲ್ಲಿ ಹುಳುವೊಂದನ್ನು ಬಿಟ್ಟರೆ ಉಳಿದೆಲ್ಲವೂ ಮನುಷ್ಯರ ತೀರ್ಮಾನಗಳು, ಆದ್ದರಿಂದ ಬದಲಿಸಬಹುದಾದವು. ಕೊನೆಯ ಸ್ಥಳೀಯ ಬಸ್ಸು ಎಷ್ಟು ಹೊತ್ತಿಗೆ, ಪಾಳಿ ಬಿಡುವುದು ಎಷ್ಟಕ್ಕೆ, ಕೆಲಸ ಊರಿಗೆ ಎಷ್ಟು ಹತ್ತಿರ, ಮನೆಗೆಲಸ ಯಾರ ಪಾಲಿಗೆ ಎಷ್ಟು ಎಂಬ ಸಾಧಾರಣ ಪ್ರಶ್ನೆಗಳಲ್ಲೇ ಸಂಜೆಯ ಉದ್ದ ಅಡಗಿದೆ. ಮುಂದಿನ ಜುಲೈ ಮೊದಲ ವಾರದಲ್ಲೂ ರಾಮನಗರದಲ್ಲಿ ಹೊತ್ತು ಮುಳುಗುವುದು 6.50ಕ್ಕೇ. ಅಷ್ಟು ಹೊತ್ತಿಗೆ ಯಾರು ಯಾರು ಮನೆ ಸೇರಿರುತ್ತಾರೆ ಎಂಬುದು ನಮ್ಮ ತೀರ್ಮಾನ.